ಸೆರಗಿನ ಮೇಲೊಂದು ಬಸ್ಸು

ಧಾರವಾಡದ ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ನನಗೆ ಸಂಬಳ ಕೊಡುವುದು ತಪ್ಪು ಹುಡುಕುವುದಕ್ಕೆ. ಅದೇ ಗತ್ತಿನಲ್ಲಿ, ನಾನಿರುವ ಬಾಡಿಗೆ ಕೋಣೆಯ ಮಾಲಕಿ ರೇಣವ್ವ ಕಸೂತಿ ಹಾಕಿದ ಸೆರಗನ್ನು ಮೊದಲ ಸಲ ಕೈಗೆತ್ತಿಕೊಂಡೆ. ಹಿಂಬದಿ ನೋಡಿದರೆ ಬಂಡವಾಳ ಬಯಲಾಗುತ್ತದೆಂದು ತಿರುಗಿಸಿದೆ. ಮತ್ತೆ ತಿರುಗಿಸಿದೆ. ಎರಡೂ ಕಡೆ ಅದೇ ಗೋಪುರ, ಅದೇ ಗಿಳಿ. ಒಂದು ಗಂಟೂ ಇಲ್ಲ. ಎರಡು ಬಟ್ಟೆ ಬೆನ್ನಿಗೆ ಬೆನ್ನು ಅಂಟಿಸಿದ್ದಾರೆಂದು ತೀರ್ಮಾನಿಸಿ ಅಂಚನ್ನು ಉಗುರಿನಿಂದ ಬಿಡಿಸಲು ಹೊರಟೆ. ರೇಣವ್ವ ಕೈಗೊಂದು ಪೆಟ್ಟು ಕೊಟ್ಟು, ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಸಂದು ತುಂಬುತ್ತದೆಂದು ವಿವರಿಸಿದರು. ಅಂದಿನಿಂದ ಆ ಮನೆಯಲ್ಲಿ ನನ್ನ ತಪಾಸಣೆ ಬಂದ್.

ಹುಬ್ಬಳ್ಳಿಯ ಸೀರೆ ಅಂಗಡಿಯೊಂದಕ್ಕೆ ಅವರು ಇಪ್ಪತ್ತು ವರ್ಷ ಹಾಕಿದ್ದೆಲ್ಲ ಅಂಗಡಿಯವರು ಹೇಳಿದ ಚಿತ್ತಾರ. ಸೀರೆಯ ಮೇಲಿನ ಹೆಸರೂ ಅಂಗಡಿಯದೇ. ಈ ವರ್ಷ ಧಾರವಾಡದ ಕಸೂತಿ ಪ್ರದರ್ಶನದಲ್ಲಿ, ಆಯ್ಕೆಯಾದರೆ, ಹಾಕಿದವರ ಹೆಸರನ್ನೇ ಬರೆಯುತ್ತಾರೆಂದು ತಿಳಿದ ದಿನ ಅಡಿಗೆಮನೆಯಿಂದಲೇ ಕೂಗಿ ಹೇಳಿದರು: "ತಮ್ಮಾ, ನಾ ಚಿಗರಿ ಬಸ್ಸ ಹಾಕಾಕತ್ತೇನಿ." ಚಿಗರಿಯೆಂದರೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಸಿಟಿ ಬಸ್ಸು; ಅಂಗಡಿಗೆ ಅವರು ಓಡಾಡುವುದು ಅದರಲ್ಲೇ.

ಬಸ್ಸು ಸುಲಭ, ಉದ್ದನೆಯ ಚೌಕ. ತೊಂದರೆ ಗಾಲಿಯದು. ಎಳೆ ಎಣಿಸಿ ನೇರ, ಅಡ್ಡ, ಓರೆ ಹೋಗುವ ಸೂಜಿಗೆ ದುಂಡು ಬರುವುದಿಲ್ಲ. ನಾನು ಕಂಪ್ಯೂಟರಿನಲ್ಲಿ ಅಪ್ಪಟ ದುಂಡಗಿನ ಗಾಲಿ ಬರೆದು ಒಯ್ದೆ. ಅವರು ಅದರ ಮೇಲೆ ಚಹಾದ ಕಪ್ಪು ಇಟ್ಟರು. ಮೂರು ಸಲ ಹಾಕಿ ಬಿಚ್ಚಿದ ಮೇಲೆ ಒಂದು ಮುಂಜಾನೆ ತಮ್ಮ ಅವ್ವನ ಹಳೆಯ ಇಳಕಲ್ ಸೀರೆ ಹರವಿಕೊಂಡು, ಅದರ ಸೆರಗಿನ ತೇರಿನ ಗಾಲಿಯ ಎಳೆ ಎಣಿಸತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಚಿಗರಿ ಬಸ್ಸು ತೇರಿನ ಗಾಲಿಯ ಮೇಲೆ ಓಡುತ್ತಿತ್ತು, ಎರಡೂ ಬದಿಗೆ! ನಾನು ಹಾಕಿದ ಕೇಕೆಗೆ ಪಕ್ಕದ ಮನೆಯವರು ಯಾರಿಗೆ ಏನಾಯಿತೆಂದು ಓಡಿ ಬಂದರು.

ಆಯ್ಕೆಯ ದಿನ ನನ್ನ ಗಾಡಿಯ ಮೇಲೆ ಸಪ್ತಾಪುರದಲ್ಲಿದ್ದ ಪ್ರದರ್ಶನದವರ ಕಚೇರಿಗೆ ಹೋದೆವು. ಆಯ್ಕೆ ಮಾಡುವ ಸುಮೇಧಾ ಮೇಡಂ ಸೆರಗನ್ನು ತಿರುಗಿಸಿ ನೋಡಿ ಕೈಚಳಕ ಮೆಚ್ಚಿದರು. ಆಮೇಲೆ ಬಸ್ಸಿನ ಮೇಲೆ ಬೆರಳಿಟ್ಟು, ಇದು ಪರಂಪರೆಯ ಪ್ರದರ್ಶನವೆಂದು ಬಹಳ ಮೆತ್ತಗೆ ಹೇಳಿದರು.

"ಇದನ್ನ ಬಿಚ್ಚಿ ಅಂಬಾರಿ ಹಾಕಿಬಿಡ್ರಿ. ಈಗಲೇ ನಿಮ್ಮ ಹೆಸರು ಬರಕೊಳ್ತೇನಿ. ಆಗ್ತದಲ್ರಿ?"

ನಾನಾಗಿದ್ದರೆ ಅಲ್ಲೇ ಬಿಚ್ಚಿ, ದಾರವನ್ನೂ ಸುತ್ತಿ ಕೊಟ್ಟು, ಉಪಕಾರವಾಯಿತು ಎನ್ನುತ್ತಿದ್ದೆ. ರೇಣವ್ವ ಸೆರಗು ಮಡಚಿಕೊಂಡರು.

"ಆಗಂಗಿಲ್ರಿ ಬಾಯಾರ. ನಮ್ಮವ್ವ ತೇರು ಕಂಡಿದ್ಲು, ತೇರು ಹಾಕಿದ್ಲು. ಅಂಬಾರಿ ನಾ ಕಂಡೇ ಇಲ್ಲ. ಬಸ್ಸಿನ್ಯಾಗ ದಿನಾ ನಿಂತ ಬರ್ತೇನಿ."