ಬೆಕ್ಕಿನ ಮೂಲೆಯ ಮಣ್ಣು

ನಿಜಾಮರ ಕಾಲದಲ್ಲಿ ಯಲಬುರ್ಗಾದ ಸಾಲಿಗೆ ಮಾಸ್ತರನಾಗಿ ಹೋದಾಗ ನನಗೆ ಸಿಕ್ಕ ಬಾಡಿಗೆ ಖೋಲಿಯಲ್ಲಿ ಮೊದಲೇ ಒಂದು ಬೆಕ್ಕಿತ್ತು. ಹಿಂದಿನ ಮಾಸ್ತರರು ಬದಲಿಯಾಗಿ ಹೋಗುವಾಗ ಅದನ್ನು ಬಿಟ್ಟು ಹೋಗಿದ್ದರು. ಊರಲ್ಲಿ ನನ್ನನ್ನು ಮಾತಾಡಿಸುವವರು ಯಾರೂ ಇರಲಿಲ್ಲ. ಬೆಕ್ಕೂ ಹತ್ತಿರ ಬರುತ್ತಿರಲಿಲ್ಲ. ದಿನಾ ಸಂಜೆ ಬಂದು ಮೂಲೆಯಲ್ಲಿ ಉಚ್ಚೆ ಹೊಯ್ದು ಹೋಗುತ್ತಿತ್ತು, ಅಷ್ಟೇ.

ಮೂರು ಸಲ ಸೆಗಣಿಯಿಂದ ನೆಲ ಸಾರಿಸಿದೆ. ಸಾರಿಸಿದಷ್ಟೂ ನಾತ ಹೆಚ್ಚಿತು. ಕೊನೆಗೆ ಮಗ್ಗುಲ ಮನೆಯ ಮುದುಕಿ ಗಂಗವ್ವನನ್ನು ಕರೆದೆ. ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿದು ನಕ್ಕಳು.

"ಮ್ಯಾಲ ಸಾರಿಸಿದ್ರ ಹೋಗೂದಿಲ್ರಿ ಮಾಸ್ತರ. ಹಸಿ ಆದಂಗ ಮತ್ತ ಏಳತೈತಿ. ಆ ಮಣ್ಣ ಅಗದು ತಗೀಬೇಕ್ರಿ."

ಗೇಣು ಆಳ ಅಗೆದು, ಬೇರೆ ಮಣ್ಣು ತುಂಬಿ ಬಡಿದು, ಬೇವಿನ ಸೊಪ್ಪಿನ ಹೊಗೆ ಹಾಕಿಕೊಟ್ಟಳು. ನಾತ ಹೋಯಿತು.

ಸಂಜೆ ಬೆಕ್ಕು ಬಂತು. ಮೂಲೆ ಮೂಸಿತು, ನನ್ನ ಮುಖ ನೋಡಿತು, ಯಾರದೋ ಮನೆಗೆ ತಪ್ಪಿ ಬಂದಂತೆ ಹೊರಟೇ ಹೋಯಿತು. ನಾಲ್ಕು ದಿನ ಕಾದೆ. ಸ್ವಚ್ಛವಾದ ಖೋಲಿಯಲ್ಲಿ ನಾನೊಬ್ಬನೇ. ಐದನೆಯ ದಿನ ನಾಚಿಕೆ ಬಿಟ್ಟು ಗಂಗವ್ವನನ್ನು ಕೇಳಿದೆ: "ಆ ಮಣ್ಣು ಎಲ್ಲಿ ಚೆಲ್ಲಿದಿ ಯವ್ವಾ?"

"ತಿಪ್ಪ್ಯಾಗ ಚೆಲ್ಲೇನ್ರಿ. ಯಾಕ್ರಿ?"

ಬುಟ್ಟಿ ತುಂಬ ಹೊತ್ತು ತಂದು ಮತ್ತೆ ಅದೇ ಮೂಲೆಗೆ ಸುರುವಿದೆ. ಹೊಸ ಮಾಸ್ತರ ತಿಪ್ಪೆಯ ಮಣ್ಣು ಮನೆ ತುಂಬಿಸಿಕೊಂಡನೆಂದು ಓಣಿಯೆಲ್ಲ ಸುದ್ದಿಯಾಯಿತು. ಬೆಕ್ಕು ಬರಲಿಲ್ಲ. ನೋಡಿ ನಗಲಿಕ್ಕೆ ಏಳೆಂಟು ಮಂದಿ ಬಂದರು. ಕೂಡ್ರಿ ಅಂದೆ, ಮೂಗು ಮುಚ್ಚಿಕೊಂಡಾದರೂ ಕುಳಿತರು.