ಮೊದಲ ಲೋಟ

ನಮ್ಮ ಚಾರಣದ ಮೇಷ್ಟ್ರು ಎಲ್ಲದರಲ್ಲೂ ಕೊನೆಯವರು. ಬೆಟ್ಟ ಹತ್ತುವಾಗ "ನಿಧಾನಕ್ಕೆ ಬನ್ನಿ, ಬೆಟ್ಟ ಎಲ್ಲೂ ಓಡಿಹೋಗಲ್ಲ" ಎನ್ನುತ್ತ, ಏದುಸಿರು ಬಿಡುವವರ ಚೀಲಗಳನ್ನೂ ಹೊತ್ತು ಎಲ್ಲರ ಹಿಂದೆ ಬರುತ್ತಾರೆ. ಬಡಾವಣೆ ಸಂಘದ ಅಧ್ಯಕ್ಷರಾದರೂ ಸಭೆಯಲ್ಲಿ ಉಳಿದವರ ಗಂಟಲು ಒಣಗಿದ ಮೇಲೆಯೇ ಬಾಯಿ ತೆರೆಯುತ್ತಾರೆ. ಮನೆಯಲ್ಲಿ ಊಟಕ್ಕೆ ಕರೆದೂ ಕರೆದೂ ಹೆಂಡತಿಗೆ ಸಾಕಾಗಿದೆ. ಆದರೆ ಅವರ ಶುದ್ಧ ನೀರಿನ ಟ್ರಸ್ಟು ಬೆಟ್ಟದ ಬುಡದ ಯಾವುದಾದರೂ ಬೀದಿಗೆ ಹೊಸ ನಲ್ಲಿ ಹಾಕಿಸಿದರೆ ಮುಗಿಯಿತು, ಮುಖ್ಯ ಅತಿಥಿಯನ್ನೂ ಮೊಣಕೈಯಲ್ಲಿ ಸರಿಸಿ ಮೊದಲ ಲೋಟ ತಾವೇ ಗಟಗಟ ಕುಡಿಯುತ್ತಾರೆ. "ಇದೊಂದಕ್ಕೆ ಮಾತ್ರ ಭಾರೀ ಅವಸರ ನಿಮಗೆ" ಎಂದು ಒಮ್ಮೆ ಛೇಡಿಸಿದೆ. "ಲ್ಯಾಬಿನವ್ರು ಸರಿ ಇದೆ ಅಂದಿದಾರೆ. ಆದ್ರೂ ಹೊಟ್ಟೆ ಕೆಟ್ರೆ ಮೊದ್ಲು ನಂದೇ ಕೆಡ್ಲಿ" ಎಂದು ಮೀಸೆ ಒರೆಸಿಕೊಂಡರು. ಪ್ರತಿ ಸಲವೂ ಮರುದಿನ ಅವರು ಎಂದಿನಂತೆ ಎಲ್ಲರ ಹಿಂದೆ ಬೆಟ್ಟ ಹತ್ತುವುದನ್ನು ಕಂಡ ಮೇಲೆಯೇ ಆ ಬೀದಿಯ ತಾಯಂದಿರು ನಲ್ಲಿಗೆ ಕೊಡ ಹಿಡಿಯುತ್ತಾರೆ.