ಕೆಂಪು ಔಷಧದ ನೀರು

ಕಾಲ್ನಡಿಗೆಯ ತಿರುಗಾಟಕ್ಕೆ ಹೊರಟಾಗ ಬಟ್ಟೆಗಿಂತ ಮುಂಚೆ ನಾನು ಚೀಲಕ್ಕೆ ಹಾಕುತ್ತಿದ್ದದ್ದು ಕೆಂಪು ಔಷಧದ ಸೀಸೆ. ಎರಡು ಹರಳು ಬಿದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ; ಆಮೇಲೆ ಕುಡಿಯಲು ಭಯವಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆ, ಕುರುಗೋಡಿನಿಂದ ಸಿರುಗುಪ್ಪದ ಕಡೆ ನಡೆಯುತ್ತಿದ್ದೆ. ದಾರಿಯ ಹಳ್ಳಿಯೊಂದರ ಬಾವಿಯಲ್ಲಿ ಅಜ್ಜಿಯೊಬ್ಬಳು ನನ್ನ ತಂಬಿಗೆ ತುಂಬಿಸಿಕೊಟ್ಟಳು. ನಾನು ಹರಳು ಹಾಕಿದೆ. ಬಣ್ಣ ನೋಡಿದ್ದೇ ಅಜ್ಜಿ ಹೌಹಾರಿ ತನ್ನ ಕೊಡವನ್ನು ಬೋರಲು ಹಾಕಿದಳು.

"ಊರಾಗ ಕಾಲರಾ ಬಂದೈತೇನವ್ವ? ಹೋದ ಸಲ ಸರಕಾರದೋರು ಇದನ್ನ ಬಾವಿಗೆ ಹಾಕಿದಾಗ ನಾಕು ಹೆಣ ಹೊತ್ತೀವಿ."

"ಇಲ್ಲ ಅಜ್ಜಿ, ಇದು ನನ್ನ ರೂಢಿ" ಅಂದೆ. ಯಾರೂ ನಂಬಲಿಲ್ಲ. ಉಳಿದ ಹೆಂಗಸರೂ ಕೊಡ ಚೆಲ್ಲತೊಡಗಿದರು. ಆ ಬತ್ತಿದ ಬಾವಿಯಲ್ಲಿ ಒಂದು ಕೊಡ ತುಂಬಲು ಅರ್ಧ ತಾಸು ಬೇಕು.

"ರೋಗ ಇಲ್ಲಂದ್ರ ನಮ್ಮ ನೀರು ಹಂಗಽ ಕುಡದು ತೋರಸವ್ವ," ಅಂದಳು ಅಜ್ಜಿ.

ಪಕ್ಕದವಳ ಕೊಡದಲ್ಲಿ ಉಳಿದಿದ್ದ ಕೆಸರು ಬಣ್ಣದ ನೀರನ್ನು ಎಲ್ಲರೆದುರು ಗಟಗಟ ಕುಡಿದೆ. ಚೆಲ್ಲುವುದು ನಿಂತಿತು. ಅಜ್ಜಿ ತನ್ನ ಸೆರಗಿನಿಂದ ನನ್ನ ಬಾಯಿ ಒರೆಸಿದಳು.

ಆ ಊರಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ಸಿರುಗುಪ್ಪ ಮುಟ್ಟುವವರೆಗೆ ದಾರಿಯ ಒಂದೊಂದು ಜಾಲಿ ಪೊದೆಯೂ ಪರಿಚಯವಾಯಿತು.